ಇಮಾಮಸಾಬನ ಏಳು ನಿಮಿಷ

1931ರ ಬೇಸಿಗೆಯಲ್ಲಿ ನಾನು ಹುಬ್ಬಳ್ಳಿಯಲ್ಲಿ ಕ್ಯಾಂಪ್ ಮಾಡಿದ್ದ ಒಂದು ನಾಟಕ ಕಂಪನಿಯ ಮುಖ್ಯ ನಟನಾಗಿದ್ದೆ. ಆಗ ನನಗೆ ಮೂವತ್ತೆಂಟು ವರ್ಷ. ಮುಖಕ್ಕೆ ಬಣ್ಣ ಹಚ್ಚಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ರಾಜನ ಪಾರ್ಟು, ರಾಜಕುಮಾರನ ಪಾರ್ಟು, ಸಾಯುವ ಪಾರ್ಟು, ಯಾವುದಿದ್ದರೂ ನನಗೇ. ಊರಿನವರು ನನ್ನನ್ನು ಮಾಸ್ತರ್ ಎನ್ನುತ್ತಿದ್ದರು. ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗುವ ಮುನ್ನ ನನ್ನ ಹೆಸರಿನ ಹಿಂದೆ ಯಾವ ಬಿರುದು ಬರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು ಎಂಬುದನ್ನು ನಾನೇ ಕೂತು ತಿದ್ದುತ್ತಿದ್ದೆ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದೆ ಬರುವುದು ನನ್ನ ಹೊಟ್ಟೆಕಿಚ್ಚಿನ ಕಥೆ.

ನಮ್ಮ ಕಸುಬಿನ ಒಂದು ಪದ್ಧತಿಯನ್ನು ಇಂದಿನ ಓದುಗರಿಗೆ ವಿವರಿಸಬೇಕು. ಅದರ ಹೆಸರು ಒನ್ಸ್ ಮೋರ್. ಹಾಡು ಹಿಡಿಸಿದರೆ ಜನ ಹಾಗೆಂದು ಕೂಗುತ್ತಿದ್ದರು, ನಟ ಅದನ್ನು ಮತ್ತೊಮ್ಮೆ ಹಾಡಲೇಬೇಕು. ಮಾಲಕರ ಅಪ್ಪಣೆಯನ್ನಾದರೂ ಮೀರಬಹುದಿತ್ತು, ಒನ್ಸ್ ಮೋರ್ ಮೀರುವಂತಿರಲಿಲ್ಲ. ಎದೆಗೆ ಕತ್ತಿ ತಿವಿಸಿಕೊಂಡು ಬಿದ್ದವನೂ ಎದ್ದು, ಧೂಳು ಕೊಡವಿ, ಹಾಡಿ, ಮತ್ತೆ ತಿವಿಸಿಕೊಂಡು ಬೀಳುತ್ತಿದ್ದ. ಗದಗಿನಲ್ಲಿ ನಾನು ಒಂದೇ ಆಟದಲ್ಲಿ ಮೂರು ಸಲ ಸತ್ತಿದ್ದೇನೆ. ಯಾರಿಗೆ ಎಷ್ಟು ಒನ್ಸ್ ಮೋರ್ ಬಿತ್ತು ಎನ್ನುವುದರ ಮೇಲೆಯೇ ನಮ್ಮ ಮಾನ ಮರ್ಯಾದೆ ನಿಂತಿತ್ತು. ಸಹನಟರಿಗೆ ಬಿದ್ದದ್ದನ್ನೂ ನಾನು ಬಣ್ಣದ ಕೋಣೆಯಿಂದಲೇ ಎಣಿಸುತ್ತಿದ್ದೆ.

ಆ ವರ್ಷ ಸತ್ಯಾಗ್ರಹಿಗಳು ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಬರುತ್ತಿದ್ದರು. ಹೋದಲ್ಲೆಲ್ಲ ಅವರಿಗೆ ಹಾರ, ಅವರನ್ನು ನೋಡಲು ನೂಕುನುಗ್ಗಲು. ನಮ್ಮ ಮಾಲಕರಾದ ಗುರುಶಾಂತಪ್ಪನವರಿಗೆ ಒಂದು ಯೋಚನೆ ಹೊಳೆಯಿತು. ಎರಡನೆಯ ಅಂಕ ಮುಗಿದು ಡ್ರಾಪ್ ಸೀನ್, ಅಂದರೆ ಮುಂದಿನ ಪರದೆ, ಬಿದ್ದ ಮೇಲೆ ಒಳಗೆ ಸೆಟ್ ಬದಲಿಸಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆಗ ಪರದೆಯ ಮುಂದೆ ಒಬ್ಬ ಸತ್ಯಾಗ್ರಹಿ ನಿಂತು ತನ್ನ ಜೈಲಿನ ದಿನಗಳನ್ನು ಹೇಳಿದರೆ ಹೇಗೆ? ಮೊದಲು ಬಂದವರು ಧಾರವಾಡದ ಕಡೆಯ ಸಾಲಿ ಮಾಸ್ತರರಾದ ವಾಮನರಾಯರು. ಅವರ ಹಿಂದೆ ಇನ್ನಿಬ್ಬರು ಬಂದರು. ಮೂರನೆಯ ವಾರಕ್ಕೆ ಪೊಲೀಸ್ ಠಾಣೆಯಿಂದ ಬುಲಾವ್ ಬಂತು: ನಾಟಕಕ್ಕೆ ಲೈಸೆನ್ಸ್ ಕೊಟ್ಟದ್ದು ನಾಟಕ ಆಡಲು, ಭಾಷಣ ಮಾಡಲು ಅಲ್ಲ.

ಮಾಲಕರು ಕೈ ಕೈ ಹಿಸುಕಿಕೊಂಡರು. ಜನಕ್ಕೆ ರುಚಿ ಹತ್ತಿತ್ತು. ಆಗ ವಾಮನರಾಯರೇ ಒಂದು ದಾರಿ ತೋರಿಸಿದರು. ಸರಕಾರ ಅವರನ್ನು ಸಿ ಕ್ಲಾಸಿಗೆ ಹಾಕಿ ಮಾಮೂಲಿ ಕೈದಿಗಳ ಜೊತೆಯಲ್ಲೇ ಇಟ್ಟಿತ್ತು. ಅದೇ ಬ್ಯಾರಕ್ಕಿನಲ್ಲಿದ್ದ ಇಮಾಮಸಾಬ ಎಂಬ ಕಲಾಯಿಗಾರ ಈಗ ಬಿಡುಗಡೆಯಾಗಿ ಬಂದಿದ್ದಾನೆ, ಹಿತ್ತಾಳೆ ತಾಮ್ರದ ಪಾತ್ರೆಗೆ ತವರದ ಕಲಾಯಿ ಹಾಕುವುದು ಅವನ ಮನೆತನದ ಕಸುಬು, ಆದರೆ ಯಾರೂ ಅವನನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂದರು. "ಅವನ ಮಾತಿನ್ಯಾಗ ಸರಕಾರನೂ ಇಲ್ಲ, ಸ್ವರಾಜ್ಯನೂ ಇಲ್ಲ. ಪೊಲೀಸರು ಏನಂತ ಬರ್ಕೋತಾರ?" ಎಂದು ನಕ್ಕರು. ಮಾಲಕರು ಇಮಾಮಸಾಬನನ್ನು ಗ್ಯಾಸ್ ಬತ್ತಿ ರಿಪೇರಿಗೆ, ಕಿರೀಟ ಗದೆಗಳ ತಗಡಿನ ಕೆಲಸಕ್ಕೆ ಇಟ್ಟುಕೊಂಡರು. ರವಿವಾರ ಮಧ್ಯಾಹ್ನ ಮೂರರ ಆಟದಲ್ಲಿ ಪರದೆಯ ಮುಂದೆ ನಿಲ್ಲಿಸಿದರು.

ಇಮಾಮಸಾಬನಿಗೆ ಮೂವತ್ತರ ಒಳಗಿನ ವಯಸ್ಸು. ಕುಳ್ಳ, ಕಪ್ಪು, ಬೋಳಿಸಿದ ತಲೆಯ ಮೇಲೆ ಆಗಷ್ಟೇ ಕೂದಲು ಮೊಳೆಯುತ್ತಿತ್ತು. ಮೊದಲ ದಿನ ಅವನು ಪರದೆಗೆ ಬೆನ್ನು ಅಂಟಿಸಿಕೊಂಡು ನಿಂತಾಗ ನನಗೆ ಕನಿಕರವೇ ಬಂತು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡಿದ್ದ. ನಾನು ಪರದೆಯ ಮಗ್ಗುಲಲ್ಲಿ ಬೇಡಿಯ ಸಮೇತ ನಿಂತಿದ್ದೆ. ಆ ನಾಟಕದಲ್ಲಿ ನಾನು ಸೆರೆಯಾದ ರಾಜಕುಮಾರ. ಬೇಡಿ ತೊಟ್ಟು ಹಾಡಿದ ಹಾಡಿಗೆ ಎರಡು ಒನ್ಸ್ ಮೋರ್ ತೆಗೆದುಕೊಂಡು ಆಗ ತಾನೇ ಒಳಗೆ ಬಂದಿದ್ದೆ. ಪಾಪ, ನನ್ನ ನಂತರ ಇವನ ಮಾತು ಯಾರು ಕೇಳುತ್ತಾರೆ ಎಂದುಕೊಂಡೆ.

ಅವನು ಹೇಳಿದ್ದು ಇಷ್ಟು. "ನಮ್ಮಪ್ಪ ಸತ್ತಾಗ ನಾ ಆರ ವರ್ಷದಾಂವ ಇದ್ದೇನ್ರಿ. ನಮ್ಮಣ್ಣ ಹುಸೇನಸಾಬ ನನ್ನ ಸಾಕಿದಾ, ಕಸುಬು ಕಲಿಸಿದಾ. ಒಮ್ಮಿ ಮದವಿ ಮನಿ ಹಂಡೆ ಬಂದಿದ್ದೂ. ನಾ ಲಗೂ ಮಾಡಾಕ ಹೋಗಿ ಕಲಾಯಿ ಹಿಡೀಲಿಲ್ಲ. ಮದವಿ ಮನ್ಯಾವರ ಮುಂದನ ಅಣ್ಣ ನನ್ನ ಕಪಾಳಕ್ಕ ಹೊಡದಾ. ನನ್ನ ಕೈಯಾಗ ಸುತ್ತಿಗಿ ಇತ್ತು. ಅಣ್ಣನ ಬಲಗೈ ಹಂಡೆದ ಅಂಚಿನ ಮ್ಯಾಲಿತ್ತು. ಹೊಡದ್ನಿ. ಆ ಕೈ ನನಗ ಅನ್ನಾ ಹಾಕಿದ ಕೈ ಅಂತ ಹೊಡದ ಮ್ಯಾಲ ನೆನಪಾತು."

ಆಮೇಲೆ ಕೋರ್ಟಿನಲ್ಲಿ ಅಣ್ಣ ಬಾಯಿ ಬಿಡಲಿಲ್ಲವೆಂದೂ, ನೆರೆಯವರ ಸಾಕ್ಷಿಯ ಮೇಲೆ ನಾಲ್ಕು ವರ್ಷದ ಶಿಕ್ಷೆಯಾಯಿತೆಂದೂ, ಜೈಲಿನ ಅಡಿಗೆಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತ ದಿನ ಕಳೆದೆನೆಂದೂ ಹೇಳಿದ. ಕೊನೆಗೆ, "ಅಣ್ಣ ಬೆಂಗೇರಿಯೊಳಗ ಅದಾನ್ರಿ. ಅವನ ಬಾಗಲದಾಗ ಹೋಗಿ ನಿಲ್ಲಾಕ ನನಗ ಧೈರ್ಯ ಸಾಲವಲ್ದು. ನಿಮ್ಮೊಳಗ ಯಾರರೆ ಆ ಕಡೆ ಹೊಂಟಿದ್ರ, ತಮ್ಮ ಹಿಂಗ ಹೇಳಿದಾ ಅಂತ ಹೇಳ್ರಿ. ಬಂದು ಒಮ್ಮಿ ಕೇಳಂದ್ರಿ," ಎಂದು ಕೈ ಮುಗಿದು ಒಳಗೆ ಬಂದುಬಿಟ್ಟ. ಮಾಲಕರ ಗಡಿಯಾರದಲ್ಲಿ ಒಟ್ಟು ಏಳು ನಿಮಿಷ.

ಚಪ್ಪಾಳೆ ಬೀಳಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು, ಆದರೆ ಹೊರಗೆ ಶೇಂಗಾ ಸಿಪ್ಪೆ ಬಿಡಿಸುವ ಸದ್ದೂ ಇರಲಿಲ್ಲ. ನಾಟಕದ ಥಿಯೇಟರಿನಲ್ಲಿ ಶೇಂಗಾದ ಸದ್ದು ನಿಲ್ಲುವುದೆಂದರೆ ಏನೆಂದು ನಟನಿಗಷ್ಟೇ ಗೊತ್ತು. ನಾನು ಸಾಯುವಾಗಲೂ ಜನ ಶೇಂಗಾ ತಿನ್ನುತ್ತಲೇ ಇದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನಗೆ ಸಿಗದ ಮೌನ ಈ ಕಲಾಯಿಗಾರನಿಗೆ ಮೊದಲ ದಿನವೇ ಸಿಕ್ಕಿತು.

ಮುಂದಿನ ರವಿವಾರ ಟಿಕೇಟಿನ ಕಿಂಡಿಯ ಹತ್ತಿರ ಒಬ್ಬಾತ, "ಆ ಜೈಲಿನ ಮನಶ್ಯಾ ಇವತ್ತ ಮಾತಾಡ್ತಾನೇನ್ರಿ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ. ನಾನು ಹಾಡುತ್ತೇನೋ ಇಲ್ಲವೋ ಎಂದು ಅವನು ಕೇಳಲಿಲ್ಲ. ಅದೇ ವಾರ ನನ್ನ ಹೆಂಡತಿ ಆಟಕ್ಕೆ ಬಂದಿದ್ದಳು. ಬಿಡಾರಕ್ಕೆ ಹೋದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ನನ್ನ ಬೇಡಿಯ ಹಾಡು ನೆನೆದು ಅತ್ತಳೆಂದು ಉಬ್ಬಿ, ಯಾಕೆಂದು ಕೇಳಿದೆ.

"ಆ ಇಮಾಮಸಾಬನ ಮಾತು ಕೇಳಿ ನನ್ನ ತಮ್ಮನ ನೆನಪಾತು," ಎಂದಳು.

"ಮತ್ತ ನನ್ನ ಹಾಡು?"

"ನಿಮ್ಮ ಹಾಡು ಛಲೋ ಇರ್ತೈತ್ರಿ. ಅದಕ್ಯಾಕ ಅಳಬೇಕು?"

ಆ ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಅವಳಿಗೆ ಹೊಟ್ಟೆನೋವು ಎಂದೆ. ಅದು ಅಷ್ಟೇನೂ ಸುಳ್ಳಲ್ಲ.

ಹೊಟ್ಟೆಕಿಚ್ಚಿನವನಿಗೆ ಬುದ್ಧಿ ಬಹಳ ಚುರುಕಾಗುತ್ತದೆ. ಇಮಾಮಸಾಬನಲ್ಲಿ ನನಗೆ ನೂರು ದೋಷ ಕಂಡವು. ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಮುಖ ಎತ್ತುವುದಿಲ್ಲ, ಸುತ್ತಿಗೆಯ ಮಾತು ಬಂದಾಗ ಕೈಯನ್ನೂ ಎತ್ತುವುದಿಲ್ಲ. ಅವನಿಗೆ ಕಲಿಸುವ ನೆಪದಲ್ಲಿ ಒಂದು ಬೆಳಿಗ್ಗೆ ಕರೆದು, "ಹೊಡದ್ನಿ ಅನ್ನುವಾಗ ಒಂದು ಹೆಜ್ಜಿ ಮುಂದ ಬಾ, ಕೈ ಎತ್ತು, ಅಲ್ಲೇ ಸ್ವಲ್ಪ ಗದ್ಗದ ತಗೊ," ಎಂದು ತೋರಿಸಿದೆ. ಅವನು ನನ್ನ ಕಿರೀಟದ ಮುರಿದ ಅಂಚಿಗೆ ಬೆಸುಗೆ ಹಾಕುತ್ತಿದ್ದವನು ತಲೆ ಎತ್ತಿ, "ನನಗ ನಟನಾ ಬರೂದಿಲ್ರಿ ಮಾಸ್ತರ. ಮತ್ತ ನಾ ಮಂದಿಗೆ ಹೇಳಾಕತ್ತಿಲ್ರಿ," ಎಂದು ಮತ್ತೆ ಕೆಲಸಕ್ಕೆ ಬಗ್ಗಿದ. ನನಗೆ ಮುಖಕ್ಕೆ ಹೊಡೆದಂತಾಯಿತು. ನಾನು ಹೇಳಿಕೊಟ್ಟದ್ದನ್ನು ಬೇಡ ಎಂದ ಮೊದಲ ಮನುಷ್ಯ ಅವನು.

ಅವನಿಗೆ ಬೇಕಾದದ್ದು ಒಂದೇ, ಅಣ್ಣ ಬಂದು ಕೇಳಬೇಕು. ಅದಕ್ಕಾಗಿ ಗೇಟ್‌ಕೀಪರ್ ದಾವಲ್ ಕಾಕಾನಿಗೆ ಹೇಳಿಟ್ಟಿದ್ದ: ಬಲಗೈ ಮಡಚಿಕೊಂಡ ಒಬ್ಬ ಉದ್ದನೆಯ ಮನುಷ್ಯ ಬಂದರೆ ಟಿಕೇಟು ಕೇಳಬೇಡ, ಮುಂದೆ ಕೂರಿಸು, ನನಗೊಂದು ಮಾತು ಹೇಳು. ಪ್ರತಿ ರವಿವಾರ ಪರದೆಯ ಮುಂದೆ ಹೋಗುವ ಮೊದಲು ದಾವಲ್ ಕಾಕಾನ ಕಡೆ ನೋಡುತ್ತಿದ್ದ. ಕಾಕಾ ಇಲ್ಲವೆಂದು ತಲೆಯಾಡಿಸುತ್ತಿದ್ದ. ಹೀಗೆ ಐದು ರವಿವಾರ ಕಳೆದವು.

ಆರನೆಯ ರವಿವಾರದ ಹೊತ್ತಿಗೆ ಇಮಾಮಸಾಬನಿಗೆ ಜ್ವರ ಬಂದು ಒಂದು ದಿನವಾಗಿತ್ತು. ಮೈ ಕೆಂಡ, ದನಿ ಪೂರ್ತಿ ಕಟ್ಟಿಹೋಗಿ ಬರೀ ಗಾಳಿ ಬರುತ್ತಿತ್ತು. ಬಣ್ಣದ ಕೋಣೆಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಹೊರಗೆ ಥಿಯೇಟರ್ ತುಂಬಿತ್ತು, ಮಾಲಕರು ತಲೆ ಮೇಲೆ ಕೈ ಹೊತ್ತಿದ್ದರು. ನಾನು ಕಾಯುತ್ತಿದ್ದ ದಿನ ಅದು. "ಮಾಲಕರ, ಅವನ ಕಥಿ ನನಗ ಬಾಯಿಪಾಠ ಐತಿ. ನಾ ಮಾಡಿ ತೋರಿಸ್ತೇನಿ," ಎಂದೆ. ಇಮಾಮಸಾಬ ನನ್ನ ಧೋತರದ ಅಂಚು ಹಿಡಿದು, ಆ ಗಾಳಿಯಂಥ ದನಿಯಲ್ಲಿ, "ಇದ್ದದ್ದಷ್ಟ ಹೇಳ್ರಿ ಮಾಸ್ತರ," ಎಂದ. ಹೂಂ ಎಂದೆ.

ಎರಡನೆಯ ಅಂಕ ಮುಗಿಯಿತು. ನಾನು ರಾಜಕುಮಾರನ ವೇಷ ಕಳಚಿ, ಹರಿದ ಅಂಗಿ ತೊಟ್ಟು, ಬೇಡಿಯನ್ನು ಮಾತ್ರ ಉಳಿಸಿಕೊಂಡು ಪರದೆಯ ಕಡೆ ಹೊರಟಾಗ ದಾವಲ್ ಕಾಕಾ ಏದುಸಿರು ಬಿಡುತ್ತ ಬಂದ. "ಮಾಸ್ತರ, ಹುಸೇನಸಾಬ ಬಂದಾನ್ರಿ. ಮೂರನೇ ಸಾಲಿನ್ಯಾಗ ಕುಂದ್ರಿಸೇನಿ. ಇಮಾಮಗ ಹೇಳ್ರಿ," ಎಂದು ಗೇಟಿಗೆ ಓಡಿದ.

ಬಣ್ಣದ ಕೋಣೆ ಅಲ್ಲಿಂದ ಹತ್ತು ಹೆಜ್ಜೆ. ಹೋಗಿ ಒಂದು ಮಾತು ಹೇಳಿದ್ದರೆ ಇಮಾಮಸಾಬ ಜ್ವರದಲ್ಲೇ ಎದ್ದು ಬರುತ್ತಿದ್ದ, ತೆವಳಿಕೊಂಡಾದರೂ ಬರುತ್ತಿದ್ದ. ಬಂದರೆ ನನ್ನ ಸರದಿ ಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮರೆತೆ ಎಂದೋ, ಹೊತ್ತಾಗಿತ್ತು ಎಂದೋ ಇಷ್ಟು ವರ್ಷದಲ್ಲಿ ಹಲವರಿಗೆ ಹೇಳಿದ್ದೇನೆ. ಇಲ್ಲಿ ನಿಜ ಬರೆಯುತ್ತಿದ್ದೇನೆ: ನಾನು ಬೇಕೆಂದೇ ಹೇಳಲಿಲ್ಲ. ಪರದೆ ಸರಿಸಿ ಮುಂದೆ ಹೋದೆ.

ಇದ್ದದ್ದಷ್ಟು ಹೇಳಲಿಲ್ಲ ಎಂದು ಬೇರೆ ಹೇಳಬೇಕೇ? ಹಾರ್ಮೋನಿಯಮ್ಮಿನವರಿಗೆ ಮೊದಲೇ ಸನ್ನೆ ಮಾಡಿಟ್ಟಿದ್ದೆ. ಅಡಿಗೆಯವರಿಂದ ಒಂದು ತಾಮ್ರದ ಹಂಡೆ, ಬಡಿಗನಿಂದ ಒಂದು ಸುತ್ತಿಗೆ ತರಿಸಿಟ್ಟಿದ್ದೆ. ಅಪ್ಪ ಸತ್ತದ್ದಕ್ಕೆ ಒಂದು ಆಲಾಪ ಹಾಕಿದೆ. ಕಪಾಳಕ್ಕೆ ಏಟು ಬಿದ್ದಾಗ ಗಿರಕಿ ಹೊಡೆದೆ. "ಹೊಡದ್ನಿ" ಎಂದು ಗರ್ಜಿಸಿ ಸುತ್ತಿಗೆ ಎತ್ತಿ ಹಂಡೆಯ ಅಂಚಿಗೆ ಬಾರಿಸಿದೆ. ಆ ಸದ್ದು ತಗಡಿನ ಸೂರಿಗೆ ಬಡಿದು ಸುತ್ತೆಲ್ಲ ಮೊಳಗಿತು. ಮೊಣಕಾಲೂರಿ ಬೇಡಿಯ ಕೈಗಳನ್ನು ಮೇಲೆತ್ತಿ ಗೋಳಿಟ್ಟೆ. ಇಡೀ ಥಿಯೇಟರ್ ಚಪ್ಪಾಳೆಯಿಂದ ಬಿರಿಯಿತು. ಹಿಂದಿನ ಗ್ಯಾಲರಿಯಿಂದ ಕೂಗು ಬಂತು: "ಒನ್ಸ್ ಮೋರ್!"

ನನ್ನ ಜನ ನನಗೆ ಮರಳಿ ಸಿಕ್ಕಿದರು. ಪರದೆಯ ಮಗ್ಗುಲಿನಿಂದ ಮಾಲಕರು, "ಕೊಡ್ರಿ ಮಾಸ್ತರ, ಕೊಡ್ರಿ!" ಎನ್ನುತ್ತಿದ್ದರು. ನಾನು ಹಿಂದೆಮುಂದೆ ನೋಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದೆ, ಮತ್ತೆ ಗಿರಕಿ ಹೊಡೆದೆ, ಮತ್ತೆ ಸುತ್ತಿಗೆ ಎತ್ತಿದೆ. ಮತ್ತೆ ಬಾರಿಸಿದೆ.

ಮೂರನೆಯ ಸಾಲಿನಲ್ಲಿ ಒಬ್ಬ ಉದ್ದನೆಯ ಮನುಷ್ಯ ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ. ನನ್ನ ಹಿಂದಿನ ಪರದೆಯ ಕಡೆ ನೋಡಿ, ಜೋರಾಗಿಯೂ ಅಲ್ಲ, "ಇಮಾಮಾ, ಒಮ್ಮಿ ಹೊಡದದ್ದು ಸಾಲಲಿಲ್ಲೇನೋ? ಈಗ ಮಂದಿ ಕೈಲೆ ಹೊಡಸಾಕತ್ತಿಯೇನು?" ಎಂದ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಸಾಲಿನಿಂದ ಹೊರಬಿದ್ದು ನಡೆದೇಬಿಟ್ಟ. ಜನಕ್ಕೆ ತಿಳಿಯಲು ಅರೆ ಗಳಿಗೆ ಸಾಕಾಯಿತು. ಆಗ ಸದ್ದಡಗಿತು ನೋಡಿ. ಅಂಥ ಮೌನ ಇಮಾಮಸಾಬನಿಗೂ ಸಿಕ್ಕಿರಲಿಲ್ಲ. ನಾನು ಸುತ್ತಿಗೆ ಹಿಡಿದುಕೊಂಡೇ ಒಳಗೆ ಬಂದೆ.

ದಾವಲ್ ಕಾಕಾ ನನಗಿಂತ ಮೊದಲೇ ಬಣ್ಣದ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಿದ್ದ. ಇಮಾಮಸಾಬ ಗೋಡೆ ಹಿಡಿದು ಎದ್ದು ಕೂತಿದ್ದ. ನನ್ನನ್ನು ಬೈಯಲಿ, ಕೈ ಎತ್ತಲಿ ಎಂದು ಕಾಯುತ್ತ ನಿಂತೆ. ಅವನ ಬಾಯಿಂದ ಬಂದದ್ದು ಬೇರೆ. "ಮಾಸ್ತರ, ಅವನ ಕೈ ನೋಡಿದ್ರೇನ್ರಿ? ಬೆರಳು ಮಡಚಾಕ ಬರ್ತಾವೇನ್ರಿ?"

ನಾನು ನೋಡಿರಲಿಲ್ಲ. ಏಳು ನಿಮಿಷ ಆ ಕೈಯ ಮೇಲೆ ಅಭಿನಯ ಮಾಡಿ, ಅದರ ಮೇಲೆ ಎರಡು ಸಲ ಹೊಡೆದು, ಚಪ್ಪಾಳೆ ತೆಗೆದುಕೊಂಡವನು ಆ ಕೈ ಹೇಗಿದೆ ಎಂದು ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಗ್ಯಾಲರಿಯನ್ನು. ಮೂರನೆಯ ಅಂಕದಲ್ಲಿ ಆ ದಿನ ಏನು ಹಾಡಿದೆನೋ ನನಗೆ ನೆನಪಿಲ್ಲ.

ಸೋಮವಾರ ಬೆಳಿಗ್ಗೆ ಮಗ್ಗುಲ ಹಳ್ಳಿಯಾದ ಬೆಂಗೇರಿಗೆ ನಡೆದುಕೊಂಡು ಹೋದೆ. ಹೋಗುವಾಗ ದಾರಿಯುದ್ದಕ್ಕೂ ಒಳ್ಳೆಯ ಮಾತುಗಳನ್ನು ಜೋಡಿಸುತ್ತಿದ್ದೆ. ಚಟ ಎಲ್ಲಿ ಬಿಡುತ್ತದೆ? ಹುಸೇನಸಾಬ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಒಂದು ತಟ್ಟೆಯನ್ನು ಎಡಗೈಯಿಂದ ಉಜ್ಜುತ್ತಿದ್ದ. ಬಲಗೈ ತೊಡೆಯ ಮೇಲಿತ್ತು. ಈ ಸಲ ನೋಡಿದೆ. ಹೆಬ್ಬೆರಳು ಮತ್ತು ತೋರುಬೆರಳು ನೆಟ್ಟಗಿದ್ದವು, ಉಳಿದ ಮೂರು ಒಳಕ್ಕೆ ಸೊಟ್ಟಗಾಗಿ ಅಂಗೈಗೆ ಅಂಟಿಕೊಂಡಿದ್ದವು. ಜೋಡಿಸಿದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟೆ.

"ನಿನ್ನೆ ಸುತ್ತಿಗಿ ಹಿಡದಾಂವ ನಾನ," ಎಂದೆ. "ನಿಮ್ಮ ತಮ್ಮ ನನ್ನ ಕಳಿಸಿದ್ದಲ್ಲ. ಅಂವಾ ಜ್ವರದಾಗ ಒಳಗ ಮಲಗಿದ್ದಾ. ನೀವು ಬಂದೀರಿ ಅಂತ ನನಗ ಹೇಳಿದ್ರು, ನಾ ಅವಗ ಹೇಳಲಿಲ್ಲ. ಹೇಳಿದ್ರ ಅಂವಾ ಎದ್ದು ಬರ್ತಿದ್ದಾ. ಅವನ ಮಾತು ಮಂದಿ ಕೇಳ್ತಿದ್ರು, ನನಗ ಅದು ತಡ್ಕೊಳ್ಳಾಕ ಆಗಲಿಲ್ಲ."

ಹುಸೇನಸಾಬ ತಟ್ಟೆ ಉಜ್ಜುವುದನ್ನು ನಿಲ್ಲಿಸಿದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನನ್ನ ತಪ್ಪಿಗೆ ಒಂದು ಮಾತನ್ನೂ ಖರ್ಚು ಮಾಡಲಿಲ್ಲ. "ಜ್ವರಾ ಯಾವಾಗಿಂದ ಐತ್ರಿ?" ಎಂದು ಕೇಳಿದ. ಶನಿವಾರದಿಂದ ಎಂದೆ. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದ.

ಇಬ್ಬರೂ ಹುಬ್ಬಳ್ಳಿಯವರೆಗೆ ನಡೆದೆವು. ಅವನ ಹೆಜ್ಜೆಗೆ ನನ್ನ ಹೆಜ್ಜೆ ಸೇರಲಿಲ್ಲ, ಅಷ್ಟು ಲಗುಬಗೆಯಿಂದ ನಡೆಯುತ್ತಿದ್ದ. ಬಣ್ಣದ ಕೋಣೆಯ ಬಾಗಿಲು ತೋರಿಸಿ ನಾನು ಹೊರಗೇ ನಿಂತೆ. ಇಮಾಮಸಾಬ ಏಳಲು ಹೋದ. ಹುಸೇನಸಾಬ ಎಡಗೈಯಿಂದ ಅವನ ಎದೆ ಒತ್ತಿ ಮಲಗಿಸಿ ಪಕ್ಕದಲ್ಲಿ ಕೂತ. ತಮ್ಮ ಅಣ್ಣನ ಬಲಗೈಯನ್ನು ಎರಡೂ ಕೈಯಿಂದ ತೆಗೆದುಕೊಂಡು ಆ ಮೂರು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಆಮೇಲೆ ಏನೋ ಹೇಳತೊಡಗಿದ. ದನಿ ಇರಲಿಲ್ಲವಲ್ಲ, ಅಣ್ಣ ಬಗ್ಗಿ ಅವನ ಬಾಯಿಗೆ ಕಿವಿ ಹಚ್ಚಿದ. ನಾನು ಬಾಗಿಲಲ್ಲೇ ಇದ್ದೆ, ಒಂದಕ್ಷರವೂ ನನಗೆ ಕೇಳಿಸಲಿಲ್ಲ.

ಅದರ ಮುಂದಿನ ರವಿವಾರ ಜ್ವರ ಬಿಟ್ಟಿತ್ತು, ಜನ ಕಿಕ್ಕಿರಿದು ಬಂದಿದ್ದರು. ಮತ್ತೆ ಪರದೆಯ ಮುಂದೆ ನಿಲ್ಲು ಎಂದು ಮಾಲಕರು ಇಮಾಮಸಾಬನಿಗೆ ಕೈ ಮುಗಿಯುವುದೊಂದು ಬಾಕಿ. ಅವನು ಗ್ಯಾಸ್ ಬತ್ತಿಗೆ ಗಾಳಿ ಹಾಕುತ್ತಲೇ, "ಇನ್ನ ಯಾಕ್ರಿ ಮಾಲಕರ? ಕೇಳಬೇಕಾದಾಂವ ಕೇಳಿದ್ನಲ್ರಿ," ಎಂದ. ತಿಂಗಳೊಳಗೆ ಕೆಲಸ ಬಿಟ್ಟು ಬೆಂಗೇರಿಗೆ ಹೋದ. ಅಣ್ಣ ಹೇಳಿದಂತೆ ತಮ್ಮ ಕಲಾಯಿ ಹಾಕುತ್ತಾನೆ ಎಂದು ಆಮೇಲೆ ಯಾರೋ ಹೇಳಿದರು.

ನಾನು ಆನಂತರವೂ ಬಹಳ ವರ್ಷ ಬಣ್ಣ ಹಚ್ಚಿದೆ. ಕಂಪನಿಗೆ ಹೊಸ ನಟರು ಬಂದಾಗ ಅವರಿಗೆ ಆಲಾಪ, ಗಿರಕಿ, ಗದ್ಗದ ಎಲ್ಲವನ್ನೂ ಕಲಿಸಿದೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುವ ರೂಢಿ ಬೆಳೆಸಿಕೊಂಡೆ: ಈ ಮಾತನ್ನು ನೀನು ಯಾರಿಗೆ ಹೇಳುತ್ತಿದ್ದೀ? ಬಹಳ ಜನ ಗ್ಯಾಲರಿಯ ಕಡೆ ಬೆರಳು ತೋರಿಸುತ್ತಿದ್ದರು. ಅವರನ್ನು ನಾನು ಬೈಯಲಿಲ್ಲ, ನನ್ನ ಉತ್ತರವೂ ಜೀವನಪೂರ್ತಿ ಅದೇ ಆಗಿತ್ತು. ಮಾತಿಗೆ ಒಬ್ಬ ಒಡೆಯನಿರುತ್ತಾನೆ, ಅದನ್ನು ಕೇಳಬೇಕಾದವನೇ ಆ ಒಡೆಯ, ಅವನನ್ನು ಮುಟ್ಟಿದ ಮೇಲೆ ಅದನ್ನು ಎರಡನೆಯ ಸಲ ಆಡುವ ಅಗತ್ಯವಿಲ್ಲ ಎಂದು ಇಮಾಮಸಾಬ ನನಗೆ ಕಲಿಸಿದ. ಕಲಿತದ್ದರಿಂದ ಹೊಟ್ಟೆಕಿಚ್ಚು ಆರಿತೆಂದು ಮಾತ್ರ ತಿಳಿಯಬೇಡಿ. ನನ್ನ ಹಾಡನ್ನು ಸಾವಿರ ಮಂದಿ ಮತ್ತೆ ಮತ್ತೆ ಕೇಳಿದರು. ನಾನು ಬಾಯಿ ತೆರೆದರೆ ಬಗ್ಗಿ ಕಿವಿ ಹಚ್ಚುವವರು ಒಬ್ಬರೂ ಇರಲಿಲ್ಲ.